ಗಂಟೆಗೆ ಮುಂಚೆ ಒಂದು ಮಾತು

ಮಾಲೂರು

ಸ್ವಿಟ್ಸರ್ಲೆಂಡಿಗೆ ಹೋಗಿ ಬಂದೆ ಎಂದರೆ ಮಾಲೂರಿನ ನಮ್ಮ ಬೀದಿಯ ಹೆಂಗಸರು ಮೊದಲು ಕೇಳುವುದು ಹಿಮದ ವಿಷಯ. ಹಿಮ ನೋಡಿದೆ. ಯಾರೋ ಒಣಹಾಕಿ ಮರೆತುಹೋದ ಮಲ್ಲು ಪಂಚೆಯ ಹಾಗೆ ದೂರದ ಬೆಟ್ಟಗಳ ಮೇಲೆ ಬಿದ್ದಿತ್ತು. ಆದರೆ ಮಧ್ಯಾಹ್ನ ಕೆಲಸ ಮುಗಿಸಿ ಚಾಪೆಯ ಮೇಲೆ ಅಡ್ಡಾದಾಗ, ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬರುವುದು ಹಿಮವಲ್ಲ. ಒಂದು ಹಗ್ಗದ ಹೊರಗೆ ನಿಂತು ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದ ಒಬ್ಬ ಹೆಂಗಸು. ಅವಳ ಕಥೆ ಹೇಳಬೇಕಾದರೆ ಮೊದಲು ನನ್ನ ಅಕ್ಕನ ಕಥೆ ಹೇಳಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಅಕ್ಕ ನಾರಾಯಣಮ್ಮ ನಮ್ಮ ಕೋಲಾರದ ಕಡೆಯಿಂದ ಲೋಕಸಭೆಗೆ ಆರಿಸಿಹೋಗಿದ್ದಳು. ಚಿಕ್ಕ ವಯಸ್ಸಿನಲ್ಲೇ ತಾಯಲೂರಿಗೆ ಮದುವೆಯಾಗಿ ಹೋದವಳು. ರಾಗಿಹೊಲ, ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ತಟ್ಟೆಗಳ ನಡುವೆ ಲೋಕ ಕಲಿತವಳು. ನಾನು ಹುಟ್ಟಿ ಬೆಳೆಯುವ ಹೊತ್ತಿಗೆ ಅಪ್ಪನಿಗೆ ಕೋಲಾರಕ್ಕೆ ವರ್ಗವಾಗಿತ್ತು. ಹಾಗಾಗಿ ನನಗೆ ಕಾನ್ವೆಂಟು ಸಿಕ್ಕಿತು. ಅಲ್ಲಿ ಇಂಗ್ಲಿಷು ಕಲಿತೆ, ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಕಸೂತಿ ಕಲಿತೆ, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನೂ ಕಲಿತೆ.

ಅಕ್ಕ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದಳು. ಮುಂಚಿತವಾಗಿ ತಿಳಿಸಿದರೆ ಸಾಕು, ಒಬ್ಬರು ಅದನ್ನು ಆಗಿಂದಾಗಲೇ ಇಂಗ್ಲಿಷಿಗೆ ತಿರುಗಿಸಿ ಎಲ್ಲರ ಕಿವಿಗೆ ಹಾಕುತ್ತಿದ್ದರು. ಆಮೇಲೆ ಅದು ಅಚ್ಚಾಗಿ ಬರುತ್ತಿತ್ತು. ಅಕ್ಕ ಊರಿಗೆ ಬಂದಾಗ ಅದನ್ನು ಓದಿ ಹೇಳುವ ಕೆಲಸ ನನ್ನದು. ಓದುತ್ತ ಓದುತ್ತ ನನಗೆ ಒಂದು ವಿಚಿತ್ರ ಕಾಣಿಸಿತು. ಅವಳ ಎಲ್ಲ ಭಾಷಣಗಳೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದವು. “ಸಭಾಧ್ಯಕ್ಷರೇ, ಈಗ ನಾನು ವಿಷಯಕ್ಕೆ ಬರುತ್ತೇನೆ,” ಎಂದು ಒಂದು ಸಾಲು. ಅದರ ಮುಂದೆ, ಗಂಟೆ ಬಾರಿಸಿತು ಎಂದು ಕಂಸದಲ್ಲಿ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮೊರ ಕೇಳಲು ಬಂದವಳು ಬಂದ ಕೂಡಲೇ ಮೊರ ಕೇಳುವುದಿಲ್ಲ. ಊಟ ಆಯಿತೇ, ಅತ್ತೆಯ ಕೆಮ್ಮು ಹೇಗಿದೆ, ಹಸು ಕರು ಹಾಕಿತೇ, ನಿಮ್ಮ ಕಡೆ ಮಳೆ ಬಿತ್ತೇ ಎಂದೆಲ್ಲ ಆಗಿ, ಎದ್ದು ಹೊರಟು, ಚಪ್ಪಲಿಗೆ ಕಾಲು ತೂರಿಸುವಾಗ, “ಅಂದ್ಹಾಗೆ ಒಂದ್ ಮೊರ ಇದ್ರೆ...” ಎನ್ನುತ್ತಾಳೆ. ಅಕ್ಕ ದೆಹಲಿಯಲ್ಲೂ ಅದನ್ನೇ ಮಾಡುತ್ತಿದ್ದಳು. ಸಭಾಧ್ಯಕ್ಷರಿಗೆ ನಮಸ್ಕಾರ, ಹಿರಿಯ ಸದಸ್ಯರಿಗೆ, ತಾಯಂದಿರಾದ ಸದಸ್ಯೆಯರಿಗೆ, ತನಗಿಂತ ಮುಂಚೆ ಮಾತಾಡಿದವರಿಗೆ, ಕಳುಹಿಸಿಕೊಟ್ಟ ಮುಳಬಾಗಿಲು ಶ್ರೀನಿವಾಸಪುರದ ಜನಕ್ಕೆ ನಮಸ್ಕಾರ, ದೆಹಲಿಯ ಚಳಿಯ ಬಗ್ಗೆ ಎರಡು ಮಾತು. ಅಷ್ಟಕ್ಕೆ ಹೊತ್ತು ಮುಗಿದ ಗಂಟೆ.

ಅವಳು ಹೇಳಬೇಕಾಗಿದ್ದದ್ದು ನೀರಿನ ಮಾತು. ಆಂಧ್ರದ ಗಡಿಯ ರಾಯಲ್ಪಾಡಿನ ಸುತ್ತಮುತ್ತ ಕೊಳವೆಬಾವಿಯ ನೀರು ಕುಡಿದು ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತಿತ್ತು, ನಡುವಯಸ್ಸಿನವರ ಮಂಡಿ ಬಗ್ಗದೆ ಹೋಗುತ್ತಿತ್ತು. ಹಿಂದಿನ ಎರಡು ವರ್ಷವೂ ಅಕ್ಕ ಈ ಮಾತಿಗೆಂದೇ ಎದ್ದು ನಿಂತಿದ್ದಳು. ಎರಡು ವರ್ಷವೂ ಗಂಟೆ ಗೆದ್ದಿತ್ತು. ನಾವಿಬ್ಬರೂ ಸ್ವಿಟ್ಸರ್ಲೆಂಡಿಗೆ ಹೊರಡುವ ಹಿಂದಿನ ದಿನ ರಾಯಲ್ಪಾಡಿನ ಕೆಲವು ಹೆಂಗಸರು ಬಸ್ಸು ಹತ್ತಿ ಕೋಲಾರಕ್ಕೆ ಬಂದರು. ಅವರ ಪೈಕಿ ವಯಸ್ಸಾದಾಕೆ ಅಕ್ಕನ ಗದ್ದ ಮುಟ್ಟಿ ತೆಲುಗಿನಲ್ಲಿ, “ಈಸಾರಿ ನೀಳ್ಳ ಮಾಟ ಮುಂದು ಚೆಪ್ಪಮ್ಮ,” ಎಂದಳು. ನೀರಿನ ಮಾತನ್ನೇ ಮೊದಲು ಹೇಳು ತಾಯಿ, ಎಂದು. ಅಕ್ಕ ಆಕೆಗೆ ಊಟ ಆಯಿತೇ ಎಂದು ಕೇಳಿದಳು.

ನಾವು ಪರದೇಶದಿಂದ ಮರಳಿದ ವಾರವೇ ಸಂಸತ್ತಿನಲ್ಲಿ ನೀರಿನ ಖಾತೆಯ ಚರ್ಚೆ ಇತ್ತು. ಅಕ್ಕನಿಗೆ ಕೊನೆಯಲ್ಲಿ ಐದು ನಿಮಿಷ. ಅದು ತಪ್ಪಿದರೆ ಇನ್ನು ಮುಂದಿನ ವರ್ಷ.

ಜಿನೀವಾ

ಬೇರೆ ಬೇರೆ ದೇಶಗಳ ಸಂಸತ್ ಸದಸ್ಯರು ಸೇರುವ ಸಭೆಗೆ ಅಕ್ಕನ ಹೆಸರು ಬಂದಿತ್ತು. ಅವಳಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಆಡಲು ಸಂಕೋಚ. ಆದ್ದರಿಂದ ಜೊತೆಗೆ ನಾನು. ಮನೆಯವರು, ಹೋಗಿ ಬಾ, ಸಾರು ಮಾಡುವುದು ನನಗೂ ಗೊತ್ತು ಎಂದರು. ಗೊತ್ತಿರಲಿಲ್ಲ, ಆದರೂ ಅಂದರು.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಡಬ್ಬಿ ತೆಗೆಸಿ ಹುರಿಹಿಟ್ಟನ್ನು ಬೆರಳಲ್ಲಿ ಮುಟ್ಟಿ ಮೂಸಿದ. ಇದೇನು ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ರಾಗಿಯ ವಿಷಯ ಹೇಳುತ್ತಿದ್ದರೆ ಅಕ್ಕ ಒಂದು ಉಂಡೆ ಕಟ್ಟಿ ಅವನ ಕೈಗೆ ಇಟ್ಟೇಬಿಟ್ಟಳು. ಅವನು ತಿನ್ನಲೂ ಆಗದೆ ಬಿಸಾಡಲೂ ಆಗದೆ, ಉಂಡೆ ಹಿಡಿದ ಕೈಯಿಂದಲೇ ನಮಗೆ ದಾರಿ ತೋರಿಸಿದ.

ಆ ಊರಿನ ಸರೋವರ ಬೆಳಿಗ್ಗೆ ಹಾಲಿನ ಹಾಗೆ, ಸಂಜೆ ನವಿಲುಗರಿಯ ಹಾಗೆ. ದಡದಲ್ಲಿ ಹಂಸಗಳು ತಮಗೂ ನೀರಿಗೂ ಸಂಬಂಧವಿಲ್ಲವೆಂಬಂತೆ ತೇಲುತ್ತಿದ್ದವು. ಜನ ಪಿಸುಮಾತಿನಲ್ಲೇ ಮಾತಾಡುತ್ತಾರೆ, ಟ್ರಾಮು ಕೂಡ ಪಿಸುಗುಟ್ಟುತ್ತದೆ. ನನಗೆ ಮೂರು ದಿನವೂ ಬೇರೆ ಯಾರದೋ ಕನಸಿನೊಳಗೆ ಬರಿಗಾಲಲ್ಲಿ ನಡೆಯುತ್ತಿದ್ದೇನೆ ಅನಿಸುತ್ತಿತ್ತು. ಅಕ್ಕನಿಗೆ ಸರೋವರ ಕಾಣಿಸುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಹಲ್ಲು. ಹೋಟೆಲಿನ ಹುಡುಗಿ ನಕ್ಕರೆ ಹಲ್ಲು, ಮಕ್ಕಳು ಐಸ್‌ಕ್ರೀಂ ಕಚ್ಚಿದರೆ ಹಲ್ಲು. ಬೀದಿಯ ಕಾರಂಜಿಗೆ ಎಲ್ಲರೂ ಬಾಯೊಡ್ಡಿ ಕುಡಿಯುವುದನ್ನು ಕಂಡು ತಾನೂ ಬೊಗಸೆ ಒಡ್ಡಿದಳು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. “ಇದಕ್ಕೆ ರುಚಿನೇ ಇಲ್ಲ ಕಣೇ,” ಎಂದಳು. “ನೀರು ಹಿಂಗೇ ಇರ್ಬೇಕು.”

ಸಭೆಯಲ್ಲಿ ಅವಳಿಗೂ ಕೆಲವು ನಿಮಿಷ ಕೊಟ್ಟಿದ್ದರು. ಅಲ್ಲಿ ಗಂಟೆ ಇಲ್ಲ, ದೀಪ. ಹಳದಿ ಹತ್ತಿದರೆ ಮುಗಿಸು ಎಂದು, ಕೆಂಪು ಹತ್ತಿದರೆ ಮೈಕು ತಾನೇ ಸತ್ತುಹೋಗುತ್ತದೆ. ಅಕ್ಕ ಕರೆದವರಿಗೆ, ಕಾಫಿ ಕೊಟ್ಟವರಿಗೆ, ದೂರದಿಂದ ಬಂದವರಿಗೆಲ್ಲ ಕೈಮುಗಿದು, ನಿಮ್ಮ ನಿಮ್ಮ ದೇಶಗಳಲ್ಲಿ ಈ ವರ್ಷ ಮಳೆ ಹೇಗೆ ಎಂದು ವಿಚಾರಿಸುವಾಗ ಕೆಂಪು ಹತ್ತಿತು. ಸತ್ತ ಮೈಕಿಗೆ ಅವಳು ಇನ್ನಷ್ಟು ಹೊತ್ತು ಮಾತಾಡಿ ಕೂತಳು. ಯಾವುದೋ ದ್ವೀಪದಿಂದ ಬಂದಿದ್ದ ಮುದುಕರೊಬ್ಬರು ಆಮೇಲೆ ಹುಡುಕಿಕೊಂಡು ಬಂದು, ತಮ್ಮ ಊರಲ್ಲಿ ಮಳೆ ಚೆನ್ನಾಗಿದೆ ಎಂದು ತಿಳಿಸಿ ಹೋದರು. ಅಕ್ಕನಿಗೆ ಅದರಿಂದ ಸಮಾಧಾನವಾದ ಹಾಗೆ ಕಾಣಲಿಲ್ಲ. ಕೋಣೆಗೆ ಬಂದು ಸೀರೆ ಮಡಿಸುತ್ತ, “ದೆಹಲೀಲೂ ಹಿಂಗೇ ಆಗುತ್ತೆ ಸುಶೀ,” ಎಂದಳು.

ಅಪೆಂಜೆಲ್, ಶನಿವಾರ

ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ ಸಿಸ್ಟರ್ ಈ ದೇಶದವರು. ನಾನು ಬರುವುದನ್ನು ತಿಳಿದು, ಅಪೆಂಜೆಲ್ ಎಂಬ ತಮ್ಮ ಬೆಟ್ಟದೂರಿನಲ್ಲಿದ್ದ ತಂಗಿಯ ಮಗಳಿಗೆ ಹೇಳಿಕಳುಹಿಸಿದ್ದರು. ಆಕೆಯ ಹೆಸರು ಹೆಡ್ವಿಗ್. ಹಾಗಾಗಿ ಸಭೆ ಮುಗಿದ ಮೇಲೆ ನಾವಿಬ್ಬರೂ ರೈಲು ಹತ್ತಿ, ದೇಶದ ಈ ತುದಿಯಿಂದ ಆ ತುದಿಗೆ ಹೋದೆವು. ಕೊನೆಯ ರೈಲು ಎಷ್ಟು ಪುಟ್ಟದೆಂದರೆ, ಅದು ಹಿತ್ತಿಲುಗಳ ನಡುವೆ ಯಾರನ್ನೂ ಎಬ್ಬಿಸದಂತೆ ಹೆಜ್ಜೆಯಿಟ್ಟು ಹೋಗುತ್ತಿತ್ತು.

ಹೆಡ್ವಿಗ್ ಅಗಲವಾದ ಕೈಗಳ, ಕೆಂಪು ಕೆನ್ನೆಯ ಹೆಂಗಸು. ಹುಡುಗಿಯಾಗಿದ್ದಾಗ ಇಂಗ್ಲೆಂಡಿನಲ್ಲಿ ಮನೆಗೆಲಸ ಮಾಡಿ ಇಂಗ್ಲಿಷು ಕಲಿತವಳು. ಕಿಟಕಿಯ ಬಳಿ ಅವಳ ಕಸೂತಿಯ ಚೌಕಟ್ಟು ಇತ್ತು. ಅದರ ಮೇಲೆ ಅರ್ಧವಾದ ಹೂವನ್ನು ನೋಡಿ ನನ್ನ ಬೆರಳು ತಾನಾಗಿ ಹೋಗಿ ಅದನ್ನು ಮುಟ್ಟಿತು. ಅದೇ ಹೊಲಿಗೆ. ಕೋಲಾರದ ಉರಿಬಿಸಿಲಲ್ಲಿ ಬೆವರು ಬೀಳದಂತೆ ಬಟ್ಟೆ ದೂರ ಹಿಡಿದು ಕಲಿತದ್ದು ಇಲ್ಲಿ ಈ ಹಿಮದ ಪಕ್ಕದಲ್ಲಿ ಹುಟ್ಟಿದ್ದೇ ಅನಿಸಿ, ಒಂದು ಗಳಿಗೆ ನಾನು ಯಾವ ಊರಲ್ಲಿದ್ದೇನೆ ಎಂಬುದೇ ಮರೆಯಿತು.

ಅವಳ ಗಂಡ ಸೆಪ್. ದನ ಸಾಕುವವನು. ನಮ್ಮ ಕೈ ಕುಲುಕಿ, ಅವರ ಕಡೆಯ ನಮಸ್ಕಾರ ಹೇಳಿ, ಊಟಕ್ಕೆ ಕೂತ. ಊಟ ಮುಗಿಯುವವರೆಗೂ ಮತ್ತೊಂದು ಮಾತು ಆಡಲಿಲ್ಲ. ಅಕ್ಕ ನನ್ನ ಮೂಲಕ ಅವನ ಹಸುಗಳ ಕ್ಷೇಮ, ಹಾಲು, ಅಪ್ಪ ಅಮ್ಮ ಎಲ್ಲ ವಿಚಾರಿಸಿದಳು. ಅವನು ಎಲ್ಲಕ್ಕೂ ತಲೆ ಆಡಿಸಿದ. “ಕೋಪ ಏನೋ,” ಎಂದಳು ಅಕ್ಕ ಮೆಲ್ಲಗೆ. ಹೆಡ್ವಿಗ್‌ಗೆ ಅದು ಹೇಗೋ ತಿಳಿಯಿತು. ಇಲ್ಲ, ಇವತ್ತು ಬಹಳ ಮಾತಾಡುತ್ತಿದ್ದಾನೆ ಎಂದಳು.

ಹಾಸಿಗೆಯ ಮೇಲೆ ಹೊದಿಕೆಯ ಬದಲು ಗರಿ ತುಂಬಿದ ಒಂದು ದೊಡ್ಡ ಮೋಡ. ಮೇಲೆ ಮಲಗಬೇಕೋ ಕೆಳಗೆ ಮಲಗಬೇಕೋ ಗೊತ್ತಾಗದೆ ಅಕ್ಕ ಅದರ ಮೇಲೆ ಹತ್ತಿ, ಜಾರಿ, ಕೊನೆಗೆ ಅದನ್ನು ಮಗುವಿನಂತೆ ತಬ್ಬಿಕೊಂಡು ನಿದ್ದೆ ಹೋದಳು. ಬೆಳಗಿನ ಜಾವ ಕಿಟಕಿಯ ಹೊರಗೆ ಮಂಜಿನಲ್ಲಿ ಹಸುಗಳು ಮೇಯಲು ಹೊರಟವು. ಅಲ್ಲಿಯ ಹಸುವಿನ ಕೊರಳಿಗೆ ದೇವಸ್ಥಾನದ ಗಂಟೆಯಷ್ಟು ದೊಡ್ಡ ಗಂಟೆ. ಅಕ್ಕ ಕಣ್ಣು ಮುಚ್ಚಿಕೊಂಡೇ ಎದ್ದು ಕೂತು ಕೈಮುಗಿದಳು.

“ಇನ್ನೊಂದೇ ನಿಮಿಷ ಸ್ವಾಮಿ. ಈಗ ವಿಷಯಕ್ಕೆ ಬರ್ತೀನಿ.”

ನಾನು ನಗಬೇಕೆಂದುಕೊಂಡೆ. ಅವಳ ಮುಖ ನೋಡಿ ನಗು ಬರಲಿಲ್ಲ. ನಿದ್ದೆಯಲ್ಲೂ ಅವಳ ಹಣೆ ಬೆವರಿತ್ತು.

ಅಪೆಂಜೆಲ್, ಭಾನುವಾರ

ಆ ಪ್ರಾಂತದ ಕಾನೂನುಗಳನ್ನು ವರ್ಷಕ್ಕೊಮ್ಮೆ ಬಯಲಿನಲ್ಲೇ ತೀರ್ಮಾನಿಸುತ್ತಾರೆ. ಎಲ್ಲ ಗಂಡಸರೂ ಊರ ಚೌಕಕ್ಕೆ ಬಂದು ನಿಂತು ಕೈ ಎತ್ತುತ್ತಾರೆ, ಅಷ್ಟೆ. ಬೇಕಾದವನು ವೇದಿಕೆಯೇರಿ ಮಾತಾಡಬಹುದು. ಓಟಿನ ಚೀಟಿಯ ಬದಲು ಸೊಂಟದಲ್ಲಿ ಕತ್ತಿ. ಅಪ್ಪನಿಂದ ಮಗನಿಗೆ ಬಂದದ್ದು. ಕಪ್ಪು ಕೋಟು, ಕೈಯಲ್ಲಿ ಕೊಡೆ, ಸೊಂಟದಲ್ಲಿ ಕತ್ತಿ ಹಾಕಿಕೊಂಡು ಗಂಡಸರು ಸಾಲುಸಾಲಾಗಿ ಬರುವುದು ನೋಡಿದರೆ, ವಿಜಯದಶಮಿಗೆ ಬನ್ನಿ ಮುಡಿಯಲು ಹೊರಟ ಹಳೆಯ ಪಾಳೇಗಾರರ ಮನೆಯವರು ದಾರಿ ತಪ್ಪಿ ಚಳಿದೇಶಕ್ಕೆ ಬಂದಂತಿತ್ತು.

ಮನೆಯಿಂದ ಹೊರಡುವ ಮುಂಚೆ ಹೆಡ್ವಿಗ್ ಗಂಡನ ಕೋಟಿನ ಗುಂಡಿ ಹಾಕುತ್ತ ಏನೋ ಹೇಳಿದಳು. ಅವನು ಅದನ್ನು ತಿರುಗಿ ಹೇಳಿದ. ಅವಳು ತಲೆಯಾಡಿಸಿ ಮತ್ತೆ ಹೇಳಿದಳು. ಕಸೂತಿ ಮುಗಿದ ಮೇಲೆ ದಾರದ ತುದಿ ಕತ್ತರಿಸುವಂತೆ ಒಂದು ಪದವನ್ನು ಕಡಿಮೆ ಮಾಡಿದಳು ಎಂದು, ಭಾಷೆ ಬಾರದಿದ್ದರೂ ನನಗೆ ತಿಳಿಯಿತು. ಅವನು ಮತ್ತೆ ಹೇಳಿದ. ಅವಳು ಕೊನೆಯ ಗುಂಡಿ ಹಾಕಿದಳು.

ದಾರಿಯಲ್ಲಿ ಕೇಳಿದಾಗ ವಿವರಿಸಿದಳು. ಅವರ ಹಳ್ಳಿಯ ಮಕ್ಕಳು ಶಾಲೆಗೆ ಒಂದು ತೊರೆ ದಾಟಿ ಹೋಗಬೇಕು. ಅದಕ್ಕೆ ಸೇತುವೆಯ ವಿಷಯ ಇವತ್ತು ಸಭೆಗೆ ಬರುತ್ತದೆ. ಸೆಪ್ ಮಾತಾಡುತ್ತಾನೆ. “ನನ್ನ ಗಂಡ ಒಂದೇ ಮಾತು ಹೊರುತ್ತಾನೆ,” ಎಂದಳು. “ಎರಡು ಕೊಟ್ಟರೆ ಎರಡನ್ನೂ ದಾರಿಯಲ್ಲೇ ಬೀಳಿಸುತ್ತಾನೆ.”

ನೀವೇ ಯಾಕೆ ಹೇಳುವುದಿಲ್ಲ ಎಂದು ಅಕ್ಕ ನನ್ನಿಂದ ಕೇಳಿಸಿದಳು. ಅಷ್ಟರಲ್ಲಿ ಚೌಕ ಬಂತು. ಉತ್ತರ ಅಲ್ಲೇ ಕಟ್ಟಿತ್ತು. ಚೌಕದ ಸುತ್ತ ಒಂದು ಹಗ್ಗ. ಒಳಗೆ ಗಂಡಸರು. ಹೊರಗೆ ಹೆಂಗಸರು, ಮಕ್ಕಳು, ನಮ್ಮಂಥ ನೋಡಲು ಬಂದವರು. ಅಕ್ಕ ಅದನ್ನು ಗಮನಿಸದೆ, ಊರಲ್ಲಿ ಯಾವ ಸಭೆಗಾದರೂ ನುಗ್ಗುವಂತೆ ಹಗ್ಗ ಎತ್ತಿ ಒಳಗೆ ಕಾಲಿಟ್ಟಳು. ಕಾವಲಿನವನು ಟೋಪಿ ತೆಗೆದು, ಬಹಳ ಮರ್ಯಾದೆಯಿಂದ ಅಡ್ಡ ನಿಂತ.

“ನಾನು ಎಂಪಿ ಕಣಪ್ಪ,” ಎಂದಳು ಅಕ್ಕ ಕನ್ನಡದಲ್ಲೇ.

ಅವನು ಇನ್ನೂ ಮರ್ಯಾದೆಯಿಂದ ಹಗ್ಗ ಎತ್ತಿ ಹಿಡಿದು ಅವಳನ್ನು ಹೊರಗೆ ಬಿಟ್ಟ. ದೇಶದ ಚುನಾವಣೆಗೆ ತನಗೂ ಓಟಿದೆ, ಪ್ರಾಂತದ ಈ ಚೌಕದಲ್ಲಿ ಇನ್ನೂ ಇಲ್ಲ ಎಂದಳು ಹೆಡ್ವಿಗ್, ಇವತ್ತು ಮೋಡ ಇದೆ ಎನ್ನುವಷ್ಟೇ ಸಹಜವಾಗಿ. ಅಕ್ಕ, ಮದುವೆಯಾದ ಹೊಸದರಲ್ಲಿ ತಾಯಲೂರಿನ ಅರಳಿಕಟ್ಟೆಯ ಪಂಚಾಯಿತಿಯನ್ನು ತಾನೂ ಗೋಡೆಯ ಹಿಂದೆ ನಿಂತು ಕೇಳುತ್ತಿದ್ದೆ ಎಂದು ಹೇಳಿ, ಹೆಡ್ವಿಗ್‌ಳ ಕೈ ಹಿಡಿದುಕೊಂಡಳು.

ತುಂತುರು ಶುರುವಾಯಿತು. ಸೆಪ್ ವೇದಿಕೆ ಏರಿದ. ಕೆಮ್ಮಲಿಲ್ಲ, ಯಾರಿಗೂ ಬಾಗಲಿಲ್ಲ. ಒಂದು ಮಾತು ಹೇಳಿದ, ಇಳಿದ. ನಾನು ಆಗ ಅವನನ್ನು ನೋಡುತ್ತಿರಲಿಲ್ಲ. ಪಕ್ಕದಲ್ಲಿ ಹೆಡ್ವಿಗ್‌ಳ ತುಟಿ ಅವನ ಜೊತೆಗೇ ಅಲ್ಲಾಡುತ್ತಿತ್ತು. ಒಂದು ಅಕ್ಷರ ಹಿಂದಿಲ್ಲ, ಮುಂದಿಲ್ಲ. ಆಮೇಲೆ ಅರ್ಥ ಹೇಳಿದಳು: ಚಳಿಗಾಲದಲ್ಲಿ ಆ ತೊರೆ ದಾಟುವವರು ಮಕ್ಕಳು, ನಾವಲ್ಲ.

ಮಳೆಯಲ್ಲಿ ಕೈಗಳು ಏಳತೊಡಗಿದವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಒಂದೇ ಸಲ, ಬಿತ್ತಿದ್ದು ಮೊಳೆತಂತೆ. ಸೇತುವೆ ಆಯಿತು. ಹೆಡ್ವಿಗ್ ಕೈತಟ್ಟಲಿಲ್ಲ. ಕೊಡೆ ಬಿಚ್ಚಿ ನಮ್ಮಿಬ್ಬರ ತಲೆಯ ಮೇಲೆ ಹಿಡಿದಳು.

“ನಮಸ್ಕಾರನೂ ಹೇಳ್ಲಿಲ್ವಲ್ಲೇ ಆ ಗಂಡಸು,” ಎಂದಳು ಅಕ್ಕ.

ರೈಲಿನಲ್ಲಿ

ಮರುದಿನ ಹಿಂದಿರುಗುವ ರೈಲಿನಲ್ಲಿ ಅಕ್ಕ ಬಹಳ ಹೊತ್ತು ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಿದ್ದಳು. ಹೊರಗೆ ಹೂಬಿಟ್ಟ ಸೇಬಿನ ಮರಗಳು ಹಿಂದಕ್ಕೆ ಓಡುತ್ತಿದ್ದವು.

“ಲೇ ಸುಶೀ,” ಎಂದಳು ಕೊನೆಗೆ. “ಅವ್ಳು ಗಂಡನ ಬಾಯಿ ಸಾಲ ತಗೋಬೇಕು. ಅದಕ್ಕೇ ಅಷ್ಟು ಅಳತೆ. ನನ್ ಬಾಯಿ ನಂದೇ ನೋಡು, ಅದಕ್ಕೇ ಇಷ್ಟು ಸಡಿಲ.”

ಅವಳು ನನ್ನ ಕಡೆ ತಿರುಗಿ ಕೂತಳು.

“ನೀನು ಸೆಪ್ ಅಂದ್ಕೋ. ನಂಗೆ ಒಳಗೆ ಬಿಡಲ್ಲ, ನೀನೇ ಹೋಗ್ಬೇಕು. ಏನ್ ಹೇಳಿ ಕಳಿಸ್ಲಿ?”

ಹೀಗೆ ನಾನು ಎರಡು ಊರುಗಳ ನಡುವೆ ಸೆಪ್ ಆದೆ. ಅಕ್ಕನ ಮೊದಲ ಮಾತು ಶ್ರೀನಿವಾಸಪುರ ತಾಲ್ಲೂಕಿನ ಗಡಿಯಿಂದ ಹೊರಟು, ಮಾವಿನ ತೋಪು, ಟೊಮ್ಯಾಟೊ ಗಾಡಿ, ಕನ್ನಡ ತೆಲುಗು ಎರಡೂ ಆಡುವ ಒಳ್ಳೆಯ ಜನ ಎಲ್ಲರನ್ನೂ ಹತ್ತಿಸಿಕೊಂಡು ಬಂತು. ಬಿದ್ದುಹೋಯಿತು ಅಕ್ಕ, ಎಂದೆ. ಎರಡನೆಯದರಲ್ಲಿ ಸಭಾಧ್ಯಕ್ಷರ ಆರೋಗ್ಯ ನುಸುಳಿತು. ಅದೂ ಬಿತ್ತು. ಆಮೇಲಾಮೇಲೆ ಅವಳು ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದಳು. ಎದುರು ಕೂತಿದ್ದ ಮುದುಕಿ ನಾವು ಜಪ ಮಾಡುತ್ತಿದ್ದೇವೆಂದು ತಿಳಿದು ತನ್ನ ಪತ್ರಿಕೆಯನ್ನು ಸದ್ದಿಲ್ಲದೆ ಮಡಿಸಿಟ್ಟಳು.

ಯಾವುದೋ ಸರೋವರ ಪಕ್ಕಕ್ಕೆ ಬಂದು, ಸಂಜೆಯ ಬೆಳಕು ಅಕ್ಕನ ಮುಖದ ಮೇಲೆ ನೀರಿನಂತೆ ಕುಲುಕಾಡುತ್ತಿದ್ದಾಗ ಆ ಮಾತು ಬಂತು. ನಾನು ಅದನ್ನು ತಿರುಗಿ ಹೇಳಿದೆ. ಬೀಳಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಆದರೆ ಕೂಡಲೇ ಹೊಸ ಚಿಂತೆ ಹತ್ತಿತು.

“ಒಂದ್ ನಮಸ್ಕಾರನೂ ಇಲ್ದೆ ಹೆಂಗೇ? ಚಪ್ಪಲಿ ಹಾಕ್ಕೊಂಡೇ ಅವ್ರ ದೇವರ ಮನೆಗೆ ನುಗ್ಗಿದಂಗಾಗುತ್ತೆ.”

ನನಗೂ ಹಾಗೇ ಅನಿಸಿತು. ನಾನೂ ಅದೇ ಕಡೆಯವಳಲ್ಲವೇ.

ದೆಹಲಿ

ಪ್ರೇಕ್ಷಕರ ಗ್ಯಾಲರಿಯಲ್ಲಿ ಮುಂದಿನ ಕಂಬಿಯ ಮೇಲೆ ಮೊಣಕೈ ಊರುವ ಹಾಗಿಲ್ಲ. ನಾನು ಊರಿದೆ, ಕಾವಲಿನವರು ಬಂದು ತೆಗೆಸಿದರು. ಕೆಳಗೆ ಹಸಿರು ಬೆಂಚುಗಳು ಅರ್ಧ ಖಾಲಿ. ದಿನದ ಕೊನೆ. ಯಾರೋ ಪತ್ರಿಕೆ ಓದುತ್ತಿದ್ದರು, ಒಬ್ಬರು ನಿಜವಾಗಿಯೂ ನಿದ್ದೆ ಮಾಡುತ್ತಿದ್ದರು. ವಿಮಾನದ ದಣಿವು ನನ್ನಲ್ಲಿ ಇನ್ನೂ ಇಳಿದಿರಲಿಲ್ಲ. ಅಷ್ಟು ದೊಡ್ಡ ಸಭೆ ನೀರಿನಡಿ ಇದ್ದ ಹಾಗೆ ತೂಗಾಡುತ್ತಿತ್ತು.

ಅಕ್ಕನ ಹೆಸರು ಕರೆದರು. ಎದ್ದು ನಿಂತಳು. ಕೈಗಳು ಅಭ್ಯಾಸದಂತೆ ಎದೆಯವರೆಗೆ ಬಂದವು. ನಮಸ್ಕಾರ ಮಾಡಿಬಿಡುತ್ತಾಳೆ ಎಂದುಕೊಂಡೆ. ಮಾಡಿದರೆ ಅದರ ಹಿಂದೆ ಎಲ್ಲವೂ ಬರುತ್ತದೆ, ಹಿರಿಯರು, ತಾಯಂದಿರು, ಚಳಿ, ಮಳೆ. ಕೈಗಳು ಅಲ್ಲೇ ನಿಂತವು. ಆಮೇಲೆ ಮೆಲ್ಲಗೆ ಕೆಳಗಿಳಿದು ಮುಂದಿನ ಮೇಜನ್ನು ಹಿಡಿದವು.

“ನಮ್ಮ ರಾಯಲ್ಪಾಡಿನ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾರೆ. ನಾವು ಕೊಟ್ಟಿರೋ ನೀರು ಅವರ ಹಲ್ಲು ತಿಂದಿದೆ.”

ನನ್ನ ಕಿವಿಗೆ ಹಾಕಿಕೊಂಡಿದ್ದ ಯಂತ್ರದಲ್ಲಿ ಅನುವಾದ ಮಾಡುವವರ ದನಿ ಬರಲೇ ಇಲ್ಲ. ಪಾಪ, ಅವರು ನಮಸ್ಕಾರಗಳಿಗೆ ತಯಾರಾಗಿ ಕೂತಿದ್ದರು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಬಹಳ ಸರಳವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಪತ್ರಿಕೆಯೊಂದು ಕೆಳಗಿಳಿಯಿತು. ಅಕ್ಕ ಮುಂದುವರಿದಳು. ಕೊಳವೆಬಾವಿ ಬೇಡ, ಕೆರೆಯ ಹೂಳು ತೆಗೆಸಿ, ಆ ನೀರನ್ನೇ ಶುದ್ಧ ಮಾಡಿ ಕೊಡಿ, ಅದಕ್ಕೆ ಮೊದಲು ಯಾರಾದರೂ ಬಂದು ಆ ಮಕ್ಕಳ ಬಾಯಿ ನೋಡಿ. ಅಷ್ಟು ಹೇಳಿ ಕೂತುಬಿಟ್ಟಳು.

ಸಭಾಧ್ಯಕ್ಷರು ಗಡಿಯಾರ ನೋಡಿದರು, ಅಕ್ಕನನ್ನು ನೋಡಿದರು. ಸದಸ್ಯೆಗೆ ಇನ್ನೂ ಸಮಯವಿದೆ ಎಂದರು. ಅಕ್ಕ ಅರ್ಧ ಎದ್ದು, “ಮುಗೀತು ಸ್ವಾಮಿ,” ಎಂದಳು.

ನಾನು ಕೆಳಗಿಳಿದು ಮೊಗಸಾಲೆಗೆ ಬಂದಾಗ ಅವಳು ಒಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಗೆದ್ದವಳ ಮುಖವಲ್ಲ ಅದು. “ಒಬ್ರನ್ನೂ ಮಾತಾಡಿಸ್ಲಿಲ್ಲ ಕಣೇ,” ಎಂದಳು. “ಏನಂದ್ಕೊಂಡ್ರೋ.” ಆಮೇಲೆ ಸುಮ್ಮನೆ ಕೂರಲಾರದೆ ಎದ್ದಳು. ಬಾಗಿಲು ಕಾಯುವವನನ್ನು ಊಟ ಆಯಿತೇ ಎಂದು ಕೇಳಿದಳು. ಅನುವಾದದವರು ಹೊರಬಂದಾಗ ಅವರ ಗಂಟಲು ಕೆಟ್ಟಿದೆಯೇ ಎಂದು ಕೇಳಿದಳು. ಒಳಗೆ ಕೊಡದೆ ಉಳಿಸಿಕೊಂಡ ಕುಶಲಪ್ರಶ್ನೆಗಳನ್ನೆಲ್ಲ ಮೊಗಸಾಲೆಯಲ್ಲಿ ಒಬ್ಬೊಬ್ಬರಿಗೂ ಹಂಚತೊಡಗಿದಳು.

ನೀರಿನ ಖಾತೆಯ ಮಂತ್ರಿಗಳು ನಾಲ್ಕಾರು ಜನರ ನಡುವೆ ಬೇಗಬೇಗ ಬಂದರು. ಉತ್ತರದ ಕಡೆಯವರು. ಅಕ್ಕ ತನ್ನ ಮುರುಕು ಹಿಂದಿಯಲ್ಲಿ, ನಿಮ್ಮ ತಾಯಿಯವರ ಮಂಡಿನೋವು ಹೇಗಿದೆ ಎಂದಳು. ಹೋದ ಸಲ ಅವರೇ ಅವಳಿಗೆ ಹೇಳಿದ್ದರಂತೆ. ಹಾಗೇ ಇದೆ ತಾಯಿ, ಎಂದು ಎರಡು ಹೆಜ್ಜೆ ಹೋದವರು ನಿಂತರು. ತಿರುಗಿದರು.

ಅಮ್ಮನದು ವಯಸ್ಸಿನ ನೋವು ಅಂದುಕೊಂಡಿದ್ದೆ, ಎಂದರು ನಿಧಾನವಾಗಿ. ಆದರೆ ನಮ್ಮ ಊರಲ್ಲಿ ನನ್ನ ಜೊತೆ ಓದಿದವರಿಗೂ ಈಗ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ನೀವು ಒಳಗೆ ಹಲ್ಲಿನ ವಿಷಯ ಹೇಳಿದಿರಿ. ಮಂಡಿಗೂ ಆ ನೀರೇ ಕಾರಣ ಇರಬಹುದೇ?

ಜೊತೆಯವರಲ್ಲಿ ಒಬ್ಬರು ಕೈಗಡಿಯಾರ ನೋಡಿಕೊಂಡರು. ಅಕ್ಕ ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು, ಸೆರಗು ಎಳೆದುಕೊಂಡು ಜಾಗ ಮಾಡಿದಳು.

“ನಿಮ್ಮ ತಾಯಿ ಯಾವ ಬಾವಿ ನೀರು ಕುಡೀತಾರೆ, ಕೇಳೇ ಸುಶೀ,” ಎಂದಳು.

ನಾನು ಕೇಳಿದೆ. ಮಂತ್ರಿಗಳು ಕೂತರು.